ಮಾರ್ಸೇಯಲ್ಲಿ ಒಬ್ಬರಿಗೆ ಮೀನಿನ ಸಾರಿಲ್ಲ

ಹೋಟೆಲಿನ ಕೋಣೆ

ಚಿಕ್ಕಮ್ಮನ ಸೂಟ್‌ಕೇಸಿನಲ್ಲಿ, ಎರಡು ಟರ್ಕಿ ಟವೆಲುಗಳ ನಡುವೆ, ನನ್ನ ಅಳತೆಯ ರವಿಕೆ ಇತ್ತು. ಗಿಳಿಹಸಿರು ರೇಷ್ಮೆ, ತೋಳಿಗೆ ಕುಂಕುಮ ಬಣ್ಣದ ಅಂಚು, ಇನ್ನೂ ಒಮ್ಮೆಯೂ ಹಾಕದ ಕೊಕ್ಕೆಗಳು. ಚಿಕ್ಕಮ್ಮನ ಮೈಕಟ್ಟಿಗೂ ಆ ರವಿಕೆಗೂ ಸಂಬಂಧವೇ ಇರಲಿಲ್ಲ. ಅದರ ಕೆಳಗೆ ಅದೇ ಬಣ್ಣದ ಸೀರೆ. ಸೆರಗಿನ ತುದಿಯಲ್ಲಿ ದೀಪದೆಣ್ಣೆಯ ಹಳೇ ಕಲೆ ಕಂಡಾಗ ಅದು ಅಮ್ಮನದೆಂದು ಗೊತ್ತಾಯಿತು. ಉಡುಪಿಯಲ್ಲಿ ನಮ್ಮ ಮನೆಯ ಕಪಾಟಿನಲ್ಲಿರಬೇಕಾದ ಸೀರೆ, ಫ್ರಾನ್ಸಿನ ಬಂದರು ನಗರವಾದ ಮಾರ್ಸೇಯ ಹೋಟೆಲೊಂದರಲ್ಲಿ, ನೆಲದ ಮೇಲೆ ಮಂಡಿಯೂರಿದ್ದ ನನ್ನ ಮುಂದೆ ಇತ್ತು.

ನಾನು ಹುಡುಕುತ್ತಿದ್ದುದು ನೈಟಿಯನ್ನು. ನನ್ನ ಪೆಟ್ಟಿಗೆ ವಿಮಾನದಲ್ಲಿ ನಮ್ಮ ಜೊತೆ ಬಂದಿರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಭುಜ ಕುಣಿಸಿ, ನಾಳೆ ಬರಬಹುದು, ನಾಡಿದ್ದೂ ಬರಬಹುದು ಎಂದಿದ್ದಳು. ಅವಳ ಮುಖದಲ್ಲಿ ಪೆಟ್ಟಿಗೆಯ ಬಗ್ಗೆಯಾಗಲಿ ನನ್ನ ಬಗ್ಗೆಯಾಗಲಿ ಯಾವ ಚಿಂತೆಯೂ ಇರಲಿಲ್ಲ. ಹಾಗಾಗಿ ಚಿಕ್ಕಮ್ಮ ಸ್ನಾನಕ್ಕೆ ಹೋಗುತ್ತ, "ನನ್ನ ನೈಟಿ ಒಂದು ತಗೊಂಡು ಹಾಕ್ಕೋ, ಮೇಲೆಯೇ ಉಂಟು" ಎಂದಿದ್ದರು. ಮೇಲೆ ಇರಲಿಲ್ಲ.

ಹೋದ ದೀಪಾವಳಿಯಲ್ಲಿ ಚಿಕ್ಕಮ್ಮ ನನ್ನ ಒಂದು ಹಳೇ ರವಿಕೆ ಕೇಳಿ ಪಡೆದಿದ್ದರು. ಪಕ್ಕದ ಮನೆಯ ಹುಡುಗಿಗೆ ಅಳತೆಗೆ ಬೇಕಂತೆ ಎಂದಿದ್ದರು. ಆ ಪಕ್ಕದ ಮನೆಯ ಹುಡುಗಿ ನಾನೇ ಎಂದು ಈಗ ತಿಳಿಯಿತು. ಮದುವೆಯಾಗದ ಹುಡುಗಿಗೆ ಹೇಳದೆ ಕೇಳದೆ ರೇಷ್ಮೆ ರವಿಕೆ ಹೊಲಿಸಲು ನಮ್ಮ ಮನೆಗಳಲ್ಲಿ ಇರುವುದು ಒಂದೇ ಕಾರಣ. ಸಾಮಾನ್ಯವಾಗಿ ನೋಡುವವರು ಹುಡುಗಿಯ ಮನೆಗೆ ಬರುತ್ತಾರೆ. ನನ್ನನ್ನು ಮಾತ್ರ ಸಮುದ್ರ ದಾಟಿಸಿ ಅವರಿದ್ದಲ್ಲಿಗೇ ತಂದಿದ್ದರು. ಪ್ರವಾಸ ಎಂದು ಹೇಳಿ.

ಸ್ನಾನದ ಮನೆಯಿಂದ ಬಂದ ಚಿಕ್ಕಮ್ಮ ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಅದು ಸುಮ್ಮನೆ ಮಾರಾಯ್ತಿ. ಫೋಟೋಗೆ."

"ಯಾರ ಫೋಟೋಗೆ ಚಿಕ್ಕಮ್ಮ?"

"ನಿನ್ನ ಚಿಕ್ಕಪ್ಪನ ಪರಿಚಯದವರು ಇಲ್ಲಿದ್ದಾರೆ. ಊಟಕ್ಕೆ ಕರ್ದಿದ್ದಾರೆ, ಶುಕ್ರವಾರ. ಮೀನಿನ ಊಟ. ನೀನು ಪೊಲೀಸರ ಹಾಗೆ ಕೇಳ್ಬೇಡ."

"ಅವರಿಗೆ ಮಗ ಇದ್ದಾನಾ?"

"ಮಕ್ಕಳು ಯಾರಿಗೆ ಇರುದಿಲ್ಲ?" ಎಂದು ಚಿಕ್ಕಮ್ಮ ತಲೆ ಒರೆಸಿಕೊಂಡರು.

ನಾನೇಕೆ ಬಂದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ಮರುವರ್ಷದ ವಸಂತ ಅದು. ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಮಹಡಿಯಲ್ಲಿ ಒಂದೊಂದೇ ಕ್ಯೂಬಿಕಲ್ ಖಾಲಿಯಾಗುತ್ತ ನನ್ನ ಸಾಲಿಗೆ ಬಂದಿತ್ತು. ಈ ತಿಂಗಳ ಕೊನೆಗೆ ನಿನ್ನ ಪ್ರಾಜೆಕ್ಟ್ ಮುಗಿಯುತ್ತದೆ, ಉಳಿದ ರಜೆಯನ್ನು ಈಗಲೇ ತೆಗೆದುಕೋ ಎಂದರು. ಕೆಲಸದ ಜೊತೆಗೇ ವೀಸಾ ಕೂಡ ಹೋಗುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಮುಂದೇನು ಎಂದು ಮೊದಲು ನಾನು ಯೋಚಿಸಬೇಕಿತ್ತು. ಆಮೇಲೆ ನನ್ನ ಬಾಯಿಂದಲೇ ಅದು ಅಮ್ಮನಿಗೆ ಗೊತ್ತಾಗಬೇಕಿತ್ತು. ಆ ಕಾಲದಲ್ಲಿ ನನ್ನದು ಎಂದು ನನ್ನ ಹತ್ತಿರ ಉಳಿದಿದ್ದುದು ಆ ಒಂದು ಸುದ್ದಿ ಮಾತ್ರ.

ಆಗಲೇ ನ್ಯೂಜೆರ್ಸಿಯದೇ ಆದ ಹಿಲ್ಸ್‌ಬರೋದಿಂದ ಅಮ್ಮನ ತಂಗಿ, ಅಂದರೆ ಈ ಚಿಕ್ಕಮ್ಮ, ಫೋನ್ ಮಾಡಿ, "ಟಿಕೆಟ್ ಚೀಪಾಗಿ ಸಿಕ್ತಾ ಉಂಟು, ಮೂವರೂ ಮಾರ್ಸೇಗೆ ಹೋಗುವ" ಎಂದಿದ್ದರು. ಪ್ಯಾರಿಸ್ ಬಿಟ್ಟು ಮಾರ್ಸೇ ಏಕೆ ಎಂದು ನಾನು ಕೇಳಬೇಕಿತ್ತು. ಬಂದರು, ಮೀನು, ಹತ್ತು ದೇಶದ ಜನ ಎಂದು ಓದಿದ್ದೆ. ಮಲ್ಪೆಯ ಗಾಳಿ ಕುಡಿದು ಬೆಳೆದವಳಿಗೆ ಅಷ್ಟು ಸಾಕಾಗಿತ್ತು. ವಿಮಾನ ನಿಲ್ದಾಣದಲ್ಲಿ ಚಿಕ್ಕಪ್ಪ ಚಿಕ್ಕಮ್ಮ ತಮ್ಮ ಅಮೆರಿಕದ ಪಾಸ್‌ಪೋರ್ಟ್ ತೋರಿಸಿ ಹೊರಗೆ ಹೋಗಿ ಕಾಫಿ ಕುಡಿಯುತ್ತಿದ್ದಾಗ ನಾನಿನ್ನೂ ಗಾಜಿನ ಮುಂದೆ ನಿಂತಿದ್ದೆ. ಇಲ್ಲಿಂದ ಹಿಂದಿರುಗಿ ಹೋಗುತ್ತೀರಲ್ಲವೇ ಎಂದು ಅಧಿಕಾರಿ ಮತ್ತೆ ಮತ್ತೆ ಕೇಳಿದ. ಎಲ್ಲಿಗೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹೌದು ಎಂದೆ.

ಹಳೇ ಬಂದರು

ಮಾರ್ಸೇಯ ಹಳೇ ಬಂದರು ಊರಿನ ಹೊಟ್ಟೆಯೊಳಕ್ಕೇ ನುಗ್ಗಿದೆ. ಮೂರು ಕಡೆ ಕಟ್ಟಡ, ನಡುವೆ ನೀರು, ನೀರಿನ ಮೇಲೆ ಹಾಯಿಗಂಬಗಳ ಕಾಡು. ದಂಡೆಯಲ್ಲಿ ಬೆಳಿಗ್ಗೆ ಹೊತ್ತು ಮೀನು ಮಾರುತ್ತಾರೆ. ರಾತ್ರಿ ಗಂಡಂದಿರು ಹಿಡಿದು ತಂದದ್ದನ್ನು ನೀಲಿ ತೊಟ್ಟಿಗಳಲ್ಲಿ ಸುರಿದು ಹೆಂಗಸರು ನಿಂತಿರುತ್ತಾರೆ. ರಬ್ಬರಿನ ಏಪ್ರನ್, ಬಾಯಿ ತುಂಬ ಮಾತು. ಮಲ್ಪೆಯ ಹೆಂಗಸರಿಗೆ ಇವರ ಭಾಷೆ ಅರ್ಥವಾಗಲಿಕ್ಕಿಲ್ಲ, ಬೈಗುಳ ಖಂಡಿತ ಅರ್ಥವಾದೀತು.

ನಮಗೂ ಅರ್ಥವಾಯಿತು. ಚಿಕ್ಕಮ್ಮ ಮೀನು ಕಂಡರೆ ಸುಮ್ಮನಿರುವವರಲ್ಲ. ಒಂದು ತೊಟ್ಟಿಯ ಮುಂದೆ ಬಗ್ಗಿ, ಬೆಳ್ಳಿಯಂಥ ದೊಡ್ಡ ಮೀನೊಂದರ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ಒಳಗೆ ಕೆಂಪಗಿದೆಯೇ ಎಂದು ನೋಡಿದರು. ಆಮೇಲೆ ಹೊಟ್ಟೆ ಒತ್ತಿದರು. ಊರಿನಲ್ಲಿ ಹಾಗೆ ಮಾಡದೆ ಮೀನು ಕೊಂಡವಳನ್ನು ದಡ್ಡಿ ಎನ್ನುತ್ತಾರೆ. ಇಲ್ಲಿ ಆ ಹೆಂಗಸು ಒದ್ದೆ ಬಟ್ಟೆಯಿಂದ ಚಿಕ್ಕಮ್ಮನ ಮಣಿಕಟ್ಟಿಗೆ ಛಟೀರೆಂದು ಹೊಡೆದಳು. ಸುತ್ತಲಿದ್ದವರೆಲ್ಲ ತಿರುಗಿದರು. ತಲೆಗೆ ಬಟ್ಟೆ ಕಟ್ಟಿದ ಅಜ್ಜಿಯರು, ಕೊಮೊರೋಸ್ ದ್ವೀಪಗಳಿಂದ ಬಂದವರೆಂದು ಆಮೇಲೆ ತಿಳಿದ ಬಣ್ಣಬಣ್ಣದ ನಿಲುವಂಗಿಯ ಹೆಂಗಸರು, ಬುಟ್ಟಿ ಹಿಡಿದ ಫ್ರೆಂಚ್ ಮುದುಕ, ಎಲ್ಲರೂ ನಕ್ಕರು.

"ನೋಡ್ಲಿಕ್ಕೂ ಬಿಡುದಿಲ್ಲ ಅಂದ್ರೆ ಎಂಥ ವ್ಯಾಪಾರ ಇದು!" ಎಂದು ಚಿಕ್ಕಮ್ಮ ಕನ್ನಡದಲ್ಲೇ ಕೂಗಿದರು.

ಆಕೆ ಫ್ರೆಂಚಿನಲ್ಲಿ ಕೂಗಿದಳು. ಕೈ ತೋರಿಸಿ, ಕಣ್ಣು ತೋರಿಸಿ. ಕಣ್ಣಿನಿಂದ ನೋಡು, ಮುಟ್ಟಬೇಡ. ಇಷ್ಟಕ್ಕೆ ಭಾಷೆ ಬೇಕಾಗಿರಲಿಲ್ಲ. ಹೊಡೆದದ್ದು ತಪ್ಪು. ಆದರೆ ಆ ಮೀನಿನ ಪರವಾಗಿ ಒಬ್ಬಳು ನಿಂತಳಲ್ಲ ಎಂದು ನನಗೆ ಒಳಗೊಳಗೇ ಅನಿಸಿತು, ಅದನ್ನು ಬಚ್ಚಿಡುವುದಿಲ್ಲ.

ಬಂದರಿನಿಂದ ಎದುರಿನ ದ್ವೀಪಗಳಿಗೆ ದೋಣಿ ಹೋಗುತ್ತದೆ. ಹಿಂದೆ ಸೆರೆಮನೆಯಾಗಿದ್ದ ಒಂದು ಕಲ್ಲಿನ ಕೋಟೆ ಅಲ್ಲಿದೆ. ಈ ಊರಿನಲ್ಲಿ ನನಗೆ ನೋಡಬೇಕೆನಿಸಿದ್ದು ಅದೊಂದೇ. ಟಿಕೆಟ್ ಗೂಡಿನ ಗಾಜಿಗೆ ಕಾಗದ ಅಂಟಿಸಿದ್ದರು. ಗಾಳಿ, ದೋಣಿ ಇಲ್ಲ. ಇಲ್ಲಿ ಉತ್ತರದಿಂದ ಒಂದು ಗಾಳಿ ಬೀಸುತ್ತದೆ. ಆಕಾಶ ಶುಭ್ರವಾಗಿಯೇ ಇರುತ್ತದೆ, ಬಿಸಿಲೂ ಇರುತ್ತದೆ, ನಡೆಯುವವರನ್ನು ಮಾತ್ರ ಹಿಂದಕ್ಕೆ ತಳ್ಳುತ್ತದೆ. ಮಳೆಯಿಲ್ಲದ ಇಂಥ ಗಾಳಿಗೆ ನಮ್ಮೂರಿನಲ್ಲಿ ಹೆಸರೇ ಇಲ್ಲ. ಎಂದು ನಿಲ್ಲುತ್ತದೆ ಎಂದು ಕೇಳಿದರೆ ಗೂಡಿನವನು ಆಕಾಶದ ಕಡೆ ಗಲ್ಲ ಎತ್ತಿದ.

ಹಿಂದಿನ ಬೀದಿಯಲ್ಲಿ ಊಟದ ಹೋಟೆಲುಗಳು ಸಾಲಾಗಿದ್ದವು. ಈ ಊರಿನ ಹೆಸರುವಾಸಿ ಮೀನಿನ ಸಾರನ್ನು ಅಂದೇ ಹೋಗಿ ತಿನ್ನುವಂತಿಲ್ಲ, ಹಿಂದಿನ ದಿನವೇ ಹೇಳಬೇಕು. ಒಬ್ಬರಿಗೆ ಮಾಡುವುದೂ ಇಲ್ಲ, ಕನಿಷ್ಠ ಇಬ್ಬರಿರಬೇಕು. ನಾನು ಒಂದು ಕಡೆ ಒಳಗೆ ಹೋಗಿ, ಒಬ್ಬಳಿಗೆ ಸಿಗುತ್ತದೆಯೇ ಎಂದು ಕೇಳಿದೆ. ಒಬ್ಬರೇ ಯಾಕೆ ಬರುತ್ತೀರಿ ಎಂಬಂತೆ ಆತ ನನ್ನನ್ನು ನೋಡಿದ. ಅದೇ ಮುಖವನ್ನು ನಾನು ಹಿಲ್ಸ್‌ಬರೋದ ಪ್ರತಿಯೊಂದು ಸತ್ಯನಾರಾಯಣ ಪೂಜೆಯಲ್ಲೂ ನೋಡಿದ್ದೇನೆ.

"ಅದಕ್ಕೇ ಹೇಳಿದ್ದು," ಎಂದರು ಹಿಂದಿನಿಂದ ಚಿಕ್ಕಪ್ಪ. ಅವರು ಮೃದು ಮನುಷ್ಯ, ಜಗಳವಾಗುವ ಮೊದಲೇ ಕನ್ನಡಕ ಒರೆಸತೊಡಗುವವರು. "ಶುಕ್ರವಾರಕ್ಕೆ ಐದು ಜನಕ್ಕೆ ಬುಕ್ ಮಾಡಿ ಆಗಿದೆ. ಫಿಶ್ ಎಲ್ಲ ತರ್ಸ್ತಾರೆ. ಕ್ಯಾನ್ಸಲ್ ಮಾಡ್ಲಿಕ್ಕೆ ಆಗುದಿಲ್ಲ."

"ನನ್ನನ್ನು ಕೇಳದೆ ನನ್ನನ್ನೂ ಸೇರಿಸಿದಿರಾ?"

"ಜಸ್ಟ್ ಡಿನ್ನರ್ ಅಷ್ಟೇ," ಎಂದು ಚಿಕ್ಕಪ್ಪ ಕನ್ನಡಕ ತೆಗೆದರು.

ಬೆಟ್ಟದ ಇಗರ್ಜಿ

ಊರಿನ ಎಲ್ಲ ಬೀದಿಗಳಿಂದಲೂ ಕಾಣುವ ಬೆಟ್ಟದ ಮೇಲೆ ಒಂದು ಇಗರ್ಜಿ ಇದೆ. ನೆತ್ತಿಯಲ್ಲಿ ಚಿನ್ನದ ಬಣ್ಣದ ಮಾತೆ. ಮೇಲೆ ಗಾಳಿ ಇನ್ನೂ ಜೋರು, ಮೆಟ್ಟಿಲಿನ ಕಂಬಿ ಬಿಟ್ಟರೆ ಬೀಳುವಷ್ಟು. ಒಳಗೆ ಹೋದ ಮೇಲೆ ಕಿವಿಗೆ ಬಿಡುವು ಸಿಕ್ಕಿತು. ತಲೆಯೆತ್ತಿದರೆ ಚಾವಣಿಯಿಂದ ದಾರದಲ್ಲಿ ಪುಟ್ಟ ಪುಟ್ಟ ಹಡಗುಗಳು ತೂಗುತ್ತಿದ್ದವು. ಹಾಯಿ, ಹಗ್ಗ, ಲಂಗರು ಎಲ್ಲ ಇರುವ ಗೊಂಬೆ ಹಡಗುಗಳು. ಬಿರುಗಾಳಿಯಲ್ಲಿ ಬದುಕಿ ಬಂದವರು ಹರಕೆ ಒಪ್ಪಿಸಿದ್ದು. ಗೋಡೆ ತುಂಬ ಕೃತಜ್ಞತೆಯ ಕಲ್ಲುಗಳು. ನಮ್ಮಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ತೊಟ್ಟಿಲು ಕೊಡುವ ಹಾಗೆಯೇ. ಕಡಲಿಗೆ ಹೆದರುವವರು ಎಲ್ಲ ಕಡೆ ಒಂದೇ ರೀತಿ ಕೈಮುಗಿಯುತ್ತಾರೆ ಎಂದು ಯೋಚಿಸುತ್ತ ಒಂದು ಬೆಂಚಿನಲ್ಲಿ ಕುಳಿತೆ. ಈ ಪ್ರವಾಸದಲ್ಲಿ ನಾನು ಸಮಾಧಾನದಿಂದ ಕುಳಿತದ್ದು ಅಷ್ಟು ಹೊತ್ತು ಮಾತ್ರ.

ಆಮೇಲೆ ಎರಡು ಬೆಂಚು ಹಿಂದಿನಿಂದ ಚಿಕ್ಕಮ್ಮನ ಧ್ವನಿ ಕೇಳಿಸಿತು. ಚಿಕ್ಕಪ್ಪನ ಸೆಲ್ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾತಾಡುತ್ತಿದ್ದರು.

"ಹೌದು ಹೌದು, ಸಪೂರವೇ... ಇಲ್ಲಪ್ಪ, ಬಣ್ಣ ನಮ್ಮಕ್ಕನ ಹಾಗೆ... ಮಾತು ಸ್ವಲ್ಪ ಕಮ್ಮಿ. ಕಮ್ಮಿ ಇದ್ರೆ ನಿಮಗೇ ಒಳ್ಳೇದಲ್ವಾ?" ಎಂದು ನಕ್ಕರು.

ಮಾತೆಯ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದ ಮುದುಕಿಯೊಬ್ಬಳು ತುಟಿಗೆ ಬೆರಳಿಟ್ಟು ಶ್ ಎಂದಳು. ಚಿಕ್ಕಮ್ಮ ಅವಳಿಗೂ ಒಂದು ನಗೆ ಕೊಟ್ಟು ಮುಂದುವರಿಸಿದರು. ನಾನು ಎದ್ದು ಗಾಳಿಗೆ ಹೋಗಿ ನಿಂತೆ. ನನಗೆ ಮಾತು ಕಡಿಮೆ ನಿಜ. ಅದು ನನ್ನ ಸ್ವಭಾವ. ಅದನ್ನು ಒಬ್ಬರಿಗೆ ಅನುಕೂಲವಾಗುವ ಗುಣವೆಂದು ಫೋನಿನಲ್ಲಿ ವಿವರಿಸಬಹುದೆಂದು ನನಗೆ ಹೊಳೆದಿರಲಿಲ್ಲ. ಕೆಳಗೆ ಸಮುದ್ರದಲ್ಲಿ ದ್ವೀಪಗಳು ಕಾಣುತ್ತಿದ್ದವು. ಒಂದು ದೋಣಿಯೂ ಹೋಗುತ್ತಿರಲಿಲ್ಲ.

ನೊವಾಯ್ ಪೇಟೆ

ಪೆಟ್ಟಿಗೆ ಮರುದಿನವೂ ಬರಲಿಲ್ಲ. ನೊವಾಯ್ ಎಂಬ ಪೇಟೆಗೆ ಬಟ್ಟೆ ಕೊಳ್ಳಲು ಹೋದೆವು. ಬಂದರಿನಿಂದ ನಡೆಯುವಷ್ಟೇ ದೂರ, ಆದರೆ ಬೇರೆಯದೇ ಖಂಡ. ಚೀಲಗಳಲ್ಲಿ ಜೀರಿಗೆ, ಅರಿಸಿನ, ಒಣಮೆಣಸು. ಟ್ಯುನೀಸಿಯಾದವನ ಆಲಿವ್, ವಿಯೆಟ್ನಾಮಿನವಳ ಸೊಪ್ಪು, ಅರ್ಮೇನಿಯಾದವನ ಒಣ ಮಾಂಸ. ತಳ್ಳಾಡುವ ಜನ. ಉಡುಪಿಯ ರಥಬೀದಿಯ ಹಿಂದಿನ ಅಂಗಡಿಗಳ ಸಾಲಿನ ವಾಸನೆಯೇ ಇಲ್ಲಿಯೂ ಇತ್ತು. ನ್ಯೂಜೆರ್ಸಿಯ ಎಡಿಸನ್‌ನ ಇಂಡಿಯನ್ ಅಂಗಡಿಗಳಲ್ಲಿ ಅದು ಪ್ಲಾಸ್ಟಿಕ್ಕಿನೊಳಗೆ ಸತ್ತಿರುತ್ತದೆ.

ಚಿಕ್ಕಪ್ಪ ಬೆನ್ನಚೀಲವನ್ನು ಎದೆಗೆ ಹಾಕಿಕೊಂಡು ನಡೆಯುತ್ತಿದ್ದರು.

"ಬ್ಯಾಗ್ ಮುಂದೆ ಹಾಕ್ಕೋ. ಇಲ್ಲಿ ನೋಡು, ಎಲ್ಲಾ ಅವ್ರೇ."

"ಅವ್ರು ಅಂದ್ರೆ ಯಾರು ಚಿಕ್ಕಪ್ಪ?"

"ಅಲ್ಲಮ್ಮ, ಜಸ್ಟ್ ಬಿ ಕೇರ್‌ಫುಲ್ ಅಂತ."

ಹೊರಡುವಾಗ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಇದೇ ಚಿಕ್ಕಪ್ಪನನ್ನು ಸಾಲಿನಿಂದ ಹೊರಗೆ ಕರೆದು, ಬೆಲ್ಟ್ ಬಿಚ್ಚಿಸಿ, ತಡವಿ ನೋಡಿದ್ದರು. ದಾರಿಯುದ್ದಕ್ಕೂ ಅವರು ಅದನ್ನೇ ಹೇಳಿಕೊಂಡು ನೊಂದಿದ್ದರು. ಎರಡು ದಿನಗಳಲ್ಲಿ ಮರೆತಿದ್ದರು. ಒಬ್ಬ ಅಂಗಡಿಯವನು ಕಡಲೆಹಿಟ್ಟನ್ನು ಬೇಯಿಸಿ, ಗಟ್ಟಿಯಾದ ಮೇಲೆ ಕತ್ತರಿಸಿ, ಎಣ್ಣೆಯಲ್ಲಿ ಕರಿದ ಬಿಸಿ ತುಂಡೊಂದನ್ನು ರುಚಿ ನೋಡಿ ಎಂದು ಅವರ ಕೈಗೇ ಕೊಟ್ಟ. ಚಿಕ್ಕಪ್ಪ ಅಗಿದು, "ಇದು ನಮ್ಮ ಬಜ್ಜಿ. ಒಳಗೆ ನೀರುಳ್ಳಿ ಹಾಕ್ಲಿಕ್ಕೆ ಮರ್ತಿದ್ದಾರೆ" ಎಂದರು. ಇನ್ನೊಂದು ತೆಗೆದುಕೊಂಡರು. ಚೀಲ ಮಾತ್ರ ಎದೆಯಿಂದ ಇಳಿಯಲಿಲ್ಲ.

ನಾನು ಒಂದು ಬಿಳಿ ಹತ್ತಿ ಅಂಗಿ ಆರಿಸಿದೆ. ಚಿಕ್ಕಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದರು.

"ಇದು ಯಾವಾಗ ಹಾಕುದು?"

"ಶುಕ್ರವಾರ."

"ಶುಕ್ರವಾರಕ್ಕೆ ಸೀರೆ ಉಂಟಲ್ಲ. ನಿನ್ನ ಪೆಟ್ಟಿಗೆ ಬರ್ಲಿಲ್ಲ, ದೇವರೇ ನೋಡ್ಕೊಂಡ."

ದೇವರಿಗೂ ವಿಮಾನ ಕಂಪನಿಗೂ ಸೇರಿ ನನ್ನ ಬಟ್ಟೆಯ ಮೇಲೆ ಇಷ್ಟು ಕಾಳಜಿಯಿದೆಯೆಂದು ತಿಳಿದಿರಲಿಲ್ಲ. ಅಂಗಿಯನ್ನು ಕೊಂಡೆ. ಪಕ್ಕದ ಅಂಗಡಿ ಫೋನಿನ ಅಂಗಡಿ. ನಮ್ಮ ಹಳೇ ಎಸ್‌ಟಿಡಿ ಬೂತಿನ ಹಾಗೆ ಗಾಜಿನ ಬಾಗಿಲಿನ ಗೂಡುಗಳು, ಮೇಲೆ ಕೆಂಪು ಅಂಕಿ. ಪ್ರತಿಯೊಂದು ಗೂಡಿನಲ್ಲೂ ಒಬ್ಬರು ಒಂದೊಂದು ಭಾಷೆಯಲ್ಲಿ ಊರಿಗೆ ಕೂಗಿ ಮಾತಾಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಅಂಥ ಅಂಗಡಿ ನೋಡಿ ಒಂದು ನಿಮಿಷ ನಿಂತೆ. ಚಿಕ್ಕಪ್ಪ, "ಹರಿ ಅಪ್, ಹರಿ ಅಪ್" ಎಂದು ಎಳೆದುಕೊಂಡು ಹೋದರು.

ಐದು ಜನರ ಊಟ

ಶುಕ್ರವಾರ ಸಂಜೆ ಇನ್ನೂ ಬೆಳಕಿರುವಾಗಲೇ ಹೋದೆವು. ನಾನು ಜೀನ್ಸ್ ಮತ್ತು ಬಿಳಿ ಅಂಗಿಯಲ್ಲಿದ್ದೆ. ಸೀರೆ ಹೋಟೆಲಿನಲ್ಲೇ ಟವೆಲುಗಳ ನಡುವೆ ಇತ್ತು. ದಾರಿಯಿಡೀ ಚಿಕ್ಕಮ್ಮ ನನ್ನ ಜೊತೆ ಮಾತಾಡಲಿಲ್ಲ, ಅದೊಂದು ಉಪಕಾರವಾಯಿತು.

ಲಲಿತಾ ಆಂಟಿ ಮತ್ತು ಅವರ ಮಗ ಪ್ರಮೋದ ಆಗಲೇ ಬಂದು ಕುಳಿತಿದ್ದರು. ಆಂಟಿ ಮಂಗಳೂರಿನವರು, ಮಗನ ಜೊತೆ ಇರಲು ಬಂದಿದ್ದರು. ಮೈಸೂರು ರೇಷ್ಮೆ, ಕಾಲಿಗೆ ಬಿಳಿ ಸ್ನೀಕರ್ಸ್. ಪ್ರಮೋದ ಇಲ್ಲಿನ ಹಡಗು ಕಂಪನಿಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಎತ್ತರ, ಶಿಸ್ತಾದ ಕ್ರಾಪು. ಮಾತಾಡುವ ಮೊದಲು ಪ್ರತಿ ಸಲವೂ ತಾಯಿಯ ಮುಖ ನೋಡುತ್ತಿದ್ದ.

"ಪ್ಯಾಂಟಾ?" ಎಂದು ಆಂಟಿ ಕೇಳಿದ್ದು ಚಿಕ್ಕಮ್ಮನನ್ನು.

"ಲಗೇಜ್ ಬರ್ಲಿಲ್ಲ ನೋಡಿ, ಪಾಪ."

"ಸೀರೆ ಇತ್ತು ಆಂಟಿ. ನಾನೇ ಉಡ್ಲಿಲ್ಲ," ಎಂದೆ.

ಚಿಕ್ಕಪ್ಪ ಕನ್ನಡಕ ತೆಗೆದರು.

ಇಲ್ಲಿ ಒಂದು ಪದ್ಧತಿಯಿದೆ. ಬೇಯಿಸುವ ಮೊದಲು ಮೀನನ್ನು ಹಾಗೇ ಒಂದು ದೊಡ್ಡ ತಟ್ಟೆಯಲ್ಲಿ ಜೋಡಿಸಿ ತಂದು ಅತಿಥಿಗಳಿಗೆ ತೋರಿಸುತ್ತಾರೆ. ಬಡಿಸುವವನು ತಟ್ಟೆಯನ್ನು ಒಬ್ಬೊಬ್ಬರ ಮುಂದೆಯೂ ಬಗ್ಗಿಸಿ, ಪ್ರತಿಯೊಂದು ಮೀನಿನ ಹೆಸರು ಹೇಳಿದ. ಮೈತುಂಬ ಮುಳ್ಳಿನ ಕೆಂಪು ಮೀನು, ಹಾವಿನಂಥ ಉದ್ದ ಮೀನು, ಪಕ್ಕೆಯಲ್ಲಿ ಕಪ್ಪು ಬೊಟ್ಟಿರುವ ಚಪ್ಪಟೆ ಮೀನು. ಒಂದಾನೊಂದು ಕಾಲದಲ್ಲಿ ಇವು ಯಾರೂ ಕೊಳ್ಳದೆ ಬಲೆಯಲ್ಲಿ ಉಳಿಯುತ್ತಿದ್ದವಂತೆ. ಮೀನುಗಾರರು ದಂಡೆಯಲ್ಲೇ ಕುದಿಸಿ ತಿನ್ನುತ್ತಿದ್ದರಂತೆ. ಪ್ರಮೋದ ಅದನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳಿದ. ಚಿಕ್ಕಮ್ಮನ ಹೆಬ್ಬೆರಳು ಅಭ್ಯಾಸಬಲದಿಂದ ಕಿವಿರಿನ ಕಡೆ ಹೋಗಿ, ಬಂದರಿನ ಪೆಟ್ಟು ನೆನಪಾಗಿ ಹಿಂದೆ ಬಂತು.

ಆಗ ಲಲಿತಾ ಆಂಟಿ ನನ್ನ ಕಡೆ ಬಗ್ಗಿದರು. "ನೀನು ಮಲ್ಪೆ ಕಡೆಯವಳಲ್ವಾ? ಇದ್ರಲ್ಲಿ ಯಾವುದು ಫ್ರೆಶ್, ಯಾವುದು ಹಳತ್ತು, ಹೇಳು ನೋಡುವ."

ತಟ್ಟೆ ಹಿಡಿದವನು ಕಾಯುತ್ತಿದ್ದ. ಐದು ಜನರ ಕಣ್ಣು ನನ್ನ ಮೇಲಿತ್ತು, ಮೀನಿನ ಕಣ್ಣುಗಳನ್ನು ಬಿಟ್ಟು. ನನಗೆ ಗೊತ್ತಿತ್ತು. ಹಾವಿನಂಥದ್ದು ಹಿಂದಿನ ದಿನದ್ದು. ಹೇಳಲಿಲ್ಲ.

"ತೋರಿಸ್ತಾ ಇರುದು ಅವರು ಆಂಟಿ. ಅವರನ್ನೇ ಕೇಳಿ."

"ಮಾತು ಕಮ್ಮಿ ಅಂದಿದ್ರಿ," ಎಂದು ಆಂಟಿ ಚಿಕ್ಕಮ್ಮನಿಗೆ ಹೇಳಿ ನಕ್ಕರು. "ಇರ್ಲಿ, ಇರ್ಲಿ. ಡ್ಯಾನ್ಸ್ ಕೂಡ ಬರ್ತದಂತೆ?"

"ಐದನೇ ಕ್ಲಾಸಿನಲ್ಲಿ ಬಿಟ್ಟೆ."

"ಅಡುಗೆ?"

"ನನಗೆ ಬೇಕಾದಷ್ಟು."

ಮೀನುಗಳನ್ನು ಒಳಗೆ ಕೊಂಡೊಯ್ದರು. ಅವುಗಳನ್ನು ಕನಿಷ್ಠ ಒಂದೊಂದರ ಹೆಸರು ಹಿಡಿದು ಪರಿಚಯಿಸಿದ್ದರು. ನಾನು ಬಂದು ಅಷ್ಟು ಹೊತ್ತಾದರೂ ಆ ಮೇಜಿನಲ್ಲಿ ‘ನಮ್ಮ ಹುಡುಗಿ’ಯಾಗಿಯೇ ಇದ್ದೆ. ಪ್ರಮೋದ ತಾಯಿಯ ಮುಖ ನೋಡಿ, ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು: "ಇಲ್ಲಿಗೆ ಮೂವ್ ಆಗ್ಲಿಕ್ಕೆ ನಿಮಗೆ ಓಕೆನಾ?"

"ಯಾಕೆ ಮೂವ್ ಆಗ್ಬೇಕು?"

ಅವನು ಮತ್ತೆ ತಾಯಿಯನ್ನು ನೋಡಿದ. ಈ ಪ್ರಶ್ನೆಗೆ ಅವನಿಗೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಮೊದಲು ಬರುವುದು ಸಾರು ಮಾತ್ರ. ಕಾವಿ ಬಣ್ಣದ ದಪ್ಪ ಸಾರು, ಜೊತೆಗೆ ಸುಟ್ಟ ಬ್ರೆಡ್ಡು. ಬ್ರೆಡ್ಡಿಗೆ ಹಸಿ ಬೆಳ್ಳುಳ್ಳಿ ಉಜ್ಜಿ, ಕೇಸರಿ, ಮೆಣಸು ಅರೆದ ಗಸಿಯನ್ನು ಸವರಿ ಸಾರಿಗೆ ಬಿಡಬೇಕು. ಇದರ ರುಚಿ ಹೇಗಿತ್ತೆಂದು ನಿಮಗೆ ಬರೆಯಬೇಕು. ಅಷ್ಟು ದೂರ ಹೋಗಿ ಬಂದವರು ಅದನ್ನಾದರೂ ಹೇಳಬೇಕು. ನನಗೆ ಗೊತ್ತಿಲ್ಲ. ಒಂದು ಚಮಚ ಬಾಯಿಗಿಟ್ಟಾಗ ಆಂಟಿ ಕೇಳಿದರು:

"ಅಮೆರಿಕದಲ್ಲಿ ಎಲ್ಲ ಕೆಲಸ ಹೋಗ್ತಾ ಉಂಟಂತಲ್ಲ. ಇವಳದ್ದು ಹೇಗೆ?"

"ಅಯ್ಯೋ, ಪರ್ಮನೆಂಟ್," ಎಂದರು ಚಿಕ್ಕಮ್ಮ. "ಮ್ಯಾನೇಜರ್ ಇವಳನ್ನು ಬಿಡುದೇ ಇಲ್ಲ. ಗ್ರೀನ್ ಕಾರ್ಡಿಗೂ ಹಾಕಿದ್ದಾರೆ. ಅಲ್ವಾ ರೀ?"

ಚಿಕ್ಕಪ್ಪ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜುತ್ತಲೇ ಇದ್ದರು. ಅದರಲ್ಲಿ ಉಜ್ಜಲು ಇನ್ನೇನೂ ಉಳಿದಿರಲಿಲ್ಲ. ತಲೆ ಎತ್ತಲಿಲ್ಲ. ಅವರಿಗೆ ಗೊತ್ತಿದೆ ಎಂದು ಆಗ ನನಗೆ ಹೊಳೆಯಿತು. ಇಬ್ಬರಿಗೂ ಗೊತ್ತಿದೆ. ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇವರು ತಿಳಿದುಕೊಂಡು, ತಿಳಿಯದವರ ಹಾಗೆ ವಾರಾಂತ್ಯಗಳಲ್ಲಿ ನನಗೆ ನೀರುದೋಸೆ ಬಡಿಸಿದ್ದಾರೆ. ಈಗ ಅದನ್ನು ಮುಚ್ಚಿ, ನನ್ನ ಬಾಯಿ ಮುಚ್ಚಿಸಿ, ಇನ್ನೊಬ್ಬರಿಗೆ ಸುಳ್ಳು ಹೇಳುತ್ತಿದ್ದಾರೆ. ಆ ಸುಳ್ಳನ್ನು ಮುಂದೆ ನಿಜ ಮಾಡಿ ತೋರಿಸಬೇಕಾದವಳು ನಾನು.

ಚಮಚ ಕೆಳಗಿಟ್ಟೆ.

"ಇಲ್ಲ ಆಂಟಿ. ಈ ತಿಂಗಳ ಕೊನೆಗೆ ನನ್ನ ಕೆಲಸ ಹೋಗ್ತದೆ. ಅದರ ಜೊತೆ ವೀಸಾ ಕೂಡ. ಗ್ರೀನ್ ಕಾರ್ಡಿಗೆ ಯಾರೂ ಹಾಕಿಲ್ಲ."

ಪಕ್ಕದ ಮೇಜಿನಲ್ಲಿ ಒಂದು ಮಗು ಫೋರ್ಕಿನಿಂದ ತಟ್ಟೆ ಬಡಿಯುತ್ತಿತ್ತು. ಲಲಿತಾ ಆಂಟಿ ಚಿಕ್ಕಮ್ಮನನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಸಾರನ್ನು ಒಂದು ಸಲ ಕಲಕಿ ಬಾಯಿಗಿಟ್ಟರು.

"ಹುಳಿ ಸ್ವಲ್ಪ ಕಮ್ಮಿ ಅಲ್ವಾ?" ಎಂದರು.

ಅಷ್ಟೇ. ಅಲ್ಲಿಂದ ಮುಂದೆ ಮಾತು ಕೋಕಂ ಹುಳಿ, ಮಂಗಳೂರಿನ ಸೆಕೆ, ಇಲ್ಲಿ ತೆಂಗಿನಕಾಯಿ ಸಿಗದಿರುವುದು. ಮೀನು ಬಂದಾಗ ಪ್ರಮೋದ ತಾಯಿಗೆ ಮುಳ್ಳು ಬಿಡಿಸಿಕೊಟ್ಟ. ನನ್ನ ಎತ್ತರ, ಬಣ್ಣ, ನೃತ್ಯ, ಕಡಿಮೆ ಮಾತು, ಒಂದು ನಿಮಿಷದ ಹಿಂದೆ ಇವರಿಗೆ ಬೇಕಾಗಿದ್ದ ಎಲ್ಲವೂ ನನ್ನಲ್ಲಿ ಹಾಗೆಯೇ ಇದ್ದವು. ಇವರು ನೋಡಲು ಬಂದದ್ದು ನನ್ನನ್ನಲ್ಲ, ನನ್ನ ಕಂಪನಿಯನ್ನು.

ಹಿಂದಿರುಗುವಾಗ ಬಂದರಿನ ದಂಡೆಯಲ್ಲಿ ಚಿಕ್ಕಮ್ಮ ನಿಂತುಬಿಟ್ಟರು.

"ಒಂದು ದಿನ ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ನಿಮಗೆ ಗೊತ್ತಿತ್ತು."

"ಚಿಕ್ಕಪ್ಪನ ಕಾರ್‌ಪೂಲಿನಲ್ಲಿ ನಿನ್ನ ಆಫೀಸಿನವನು ಬರ್ತಾನೆ. ಅವನು ಹೇಳಿದ. ನಾನು ಕೇಳಿದ್ನಾ ನಿನ್ನನ್ನು? ಇಲ್ಲ. ಹೇಳ್ಕೊಳ್ಲಿ ಅಂತ ಬಿಟ್ಟೆ."

"ಮತ್ತೆ ಪರ್ಮನೆಂಟ್ ಅಂತ ಯಾಕೆ ಹೇಳಿದ್ರಿ?"

"ಕೆಲಸ ಹೋದ ಮೇಲೆ ಯಾರು ನೋಡ್ತಾರೆ ಮಾರಾಯ್ತಿ? ಇರುವಾಗ್ಲೇ ತೋರಿಸ್ಬೇಕು." ಚಿಕ್ಕಮ್ಮನ ಕಣ್ಣಲ್ಲಿ ನೀರಿತ್ತು, ಗಾಳಿಗೋ ಏನೋ. "ಇವನ ಹತ್ರ ಇಲ್ಲಿಯ ಪೇಪರ್ಸ್ ಎಲ್ಲ ಉಂಟು. ನೀನು ಸೂಟ್‌ಕೇಸ್ ಹಿಡ್ಕೊಂಡು ವಾಪಸ್ ಹೋದ್ರೆ ಊರಲ್ಲಿ ಅಕ್ಕ ಮುಖ ಹೇಗೆ ತೋರಿಸುದು?"

"ಅಮ್ಮನಿಗೆ ಗೊತ್ತುಂಟಾ, ಕೆಲಸದ್ದು?"

"ಇಲ್ಲ. ಹುಡುಗನದ್ದು ಮಾತ್ರ ಗೊತ್ತು. ನಾಳೆ ಫೋನ್ ಮಾಡಿ ನಾನೇ ಹೇಳ್ತೇನೆ, ಎಲ್ಲಾ ಹೇಳ್ತೇನೆ. ನೀನು ಇವತ್ತು ಮಾಡಿದ್ದು ಕೂಡ."

ಚಿಕ್ಕಮ್ಮನಿಗೆ ನನ್ನ ಮೇಲೆ ಪ್ರೀತಿಯಿಲ್ಲವೆಂದು ನಾನು ಹೇಳುವುದಿಲ್ಲ. ಇದೆ. ಆ ಪ್ರೀತಿಯಲ್ಲಿ ನನ್ನನ್ನು ಒಂದು ಮಾತು ಕೇಳುವುದಕ್ಕೆ ಜಾಗವಿಲ್ಲ. ಇಷ್ಟು ದಿನದ ಮೇಲೆಯೂ ಇದನ್ನು ಬರೆಯುವಾಗ ನನಗೆ ಸಿಟ್ಟೇ ಬರುತ್ತದೆ.

ಮಾರನೇ ಬೆಳಿಗ್ಗೆ

ಚಿಕ್ಕಮ್ಮ ಏಳುವ ಮೊದಲು ಎದ್ದು, ಅದೇ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಬೀದಿಗೆ ಬಂದ ಮೇಲೆ ಏನೋ ಕಡಿಮೆಯಿದೆ ಅನಿಸಿತು. ಗಾಳಿ ನಿಂತಿತ್ತು.

ನೊವಾಯ್‌ನ ಫೋನಿನ ಅಂಗಡಿಯವನು ಆಗಷ್ಟೇ ಬಾಗಿಲು ಎತ್ತಿ, ಗಾಜಿನ ಲೋಟದಲ್ಲಿ ಪುದೀನ ಚಹಾ ಕುಡಿಯುತ್ತಿದ್ದ. ಎರಡನೇ ಗೂಡು ಎಂದು ಬೆರಳು ತೋರಿಸಿದ. ಒಳಗೆ ಸಿಗರೇಟಿನ ವಾಸನೆ, ಗೋಡೆಯ ಮೇಲೆ ಯಾರೋ ಪೆನ್ನಿನಿಂದ ಬರೆದ ಅರಬ್ಬೀ ಅಕ್ಷರ. ಉಡುಪಿಯಲ್ಲಿ ಫೋನು ಎರಡನೇ ಸಲ ರಿಂಗಾಗುವಾಗಲೇ ಅಮ್ಮ ಎತ್ತಿದಳು.

"ಎಂತಾಯ್ತೇ? ಅವರು ಎಂತ ಹೇಳಿದ್ರು?"

"ಚಿಕ್ಕಮ್ಮ ಅಲ್ಲ ಅಮ್ಮಾ. ನಾನು."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದೆ.

"ಈ ತಿಂಗಳ ಕೊನೆಗೆ ನನ್ನ ಕೆಲಸ ಹೋಗ್ತದೆ. ವೀಸಾ ಕೂಡ ಇರುದಿಲ್ಲ. ಆಮೇಲೆ ಎಂತ ಮಾಡುದು ಅಂತ ಇನ್ನೂ ಗೊತ್ತಿಲ್ಲ. ಗೊತ್ತಾದಾಗ ನಾನೇ ನಿನಗೆ ಹೇಳ್ತೇನೆ. ಬೇರೆಯವರು ಹೇಳಿದ್ದನ್ನು ಕೇಳ್ಬೇಡ."

ಪಕ್ಕದ ಗೂಡಿನಲ್ಲಿ ಒಬ್ಬ ಜೋರಾಗಿ ನಗುತ್ತಿದ್ದ. ಅಮ್ಮನ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಅವಳು ಅದನ್ನು ಇಳಿಸಲು ಹೋಗಲಿಲ್ಲ.

"ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಸೀರೆ ಕಳಿಸಿದ್ದು ನನಗೆ ಯಾಕೆ ಹೇಳ್ಲಿಲ್ಲ ನೀನು?"

ಕುಕ್ಕರು ಮತ್ತೊಂದು ಸಲ ಕೂಗಿತು.

"ಉಟ್ಯಾ?" ಎಂದು ಅಮ್ಮ ಕೇಳಿದಳು, ಸಣ್ಣ ದನಿಯಲ್ಲಿ.

"ಇಲ್ಲ."

"ಮಡಚಿದ ಹಾಗೇ ಇಡ್ಬೇಡ. ಹಳೇ ರೇಷ್ಮೆ, ಮಡಿಕೆಯಲ್ಲಿ ಬಿಡ್ತದೆ. ಬಿಚ್ಚಿ ಬೇರೆ ಮಡಿಕೆ ಮಾಡು. ಬರುವಾಗ ನೀನೇ ತಕ್ಕೊಂಡು ಬಾ. ಅವಳ ಕೈಗೆ ಕೊಡ್ಬೇಡ."

"ಆಯ್ತು," ಎಂದೆ.

ಹೋಟೆಲಿಗೆ ಹಿಂದಿರುಗಲಿಲ್ಲ. ಬಂದರಿಗೆ ಇಳಿದು ಬಂದೆ. ಹೆಂಗಸರು ನೀಲಿ ತೊಟ್ಟಿಗಳಿಗೆ ನೀರು ಸುರಿಯುತ್ತಿದ್ದರು. ಟಿಕೆಟ್ ಗೂಡಿನ ಗಾಜಿಗೆ ಅಂಟಿಸಿದ್ದ ಕಾಗದ ತೆಗೆದಿದ್ದರು, ಮೂಲೆಗಳಲ್ಲಿ ಗೋಂದಿನ ಗುರುತು ಮಾತ್ರ ಉಳಿದಿತ್ತು. ಒಳಗಿದ್ದವನು ಎಷ್ಟು ಜನ ಎಂದು ಕೇಳಿದ. ನಾನು ಒಂದು ಬೆರಳು ತೋರಿಸಿದೆ. ಅವನು ಒಂದು ಚೀಟಿ ಹರಿದು ಕೊಟ್ಟ.